ಒಂದೇ ಹಲಗೆ, ಎರಡು ಬಾಗಿಲು

"ಇನ್ನೊಂದು ಸಲ ಹೇಳು. ಈ ಸಲವೂ ತಲೆಗೆ ಹೋಗ್ಲಿಲ್ಲ ಅಂದ್ರೆ ಆ ಕಂಪ್ಯೂಟರನ್ನ ಎತ್ಕೊಂಡು ಹೋಗಿ ಬಾವಿಗೆ ಹಾಕ್ತೀನಿ," ಎಂದಳು ಜಿಗಣೆ.

ಸೊಸೆ ನಗಲಿಲ್ಲ. ಅತ್ತೆ ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು ಎಂದು ಅವಳಿಗೆ ಗೊತ್ತಿತ್ತು. ಪೊಲೀಸ್ ಇಲಾಖೆಯಲ್ಲಿ ಇದ್ದಷ್ಟು ಕಾಲ, ಆಮೇಲೆ ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೂ, ಕಚ್ಚಿದ ಕೇಸನ್ನು ಬಿಟ್ಟವಳಲ್ಲ. ಆ ಹೆಸರು ಸುಮ್ಮನೆ ಬಂದದ್ದಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆಯ ಕಾಲ ಸಿ ಭಾಷೆಯ ವೇಷ ತೊಟ್ಟು ಬರುತ್ತದೆ ಎಂದು ಮಾತ್ರ ಜಿಗಣೆ ಕನಸಿನಲ್ಲೂ ಎಣಿಸಿರಲಿಲ್ಲ. ಸೊಸೆ ಪಾಲಿಟೆಕ್ನಿಕ್‌ನಲ್ಲಿ ಮೊದಲ ವರ್ಷದವರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದಳು. ಈಗ ಅಡುಗೆಮನೆಯ ಕಟ್ಟೆಯೇ ತರಗತಿ, ಅತ್ತೆಯೇ ದಡ್ಡ ವಿದ್ಯಾರ್ಥಿ.

ಕಲಿಯದೆ ದಾರಿಯೂ ಇರಲಿಲ್ಲ. ಬೀಜ ಭಂಡಾರದ ಶೀತಕೋಣೆಯಿಂದ, ರೋಗ ತಾಗದ ಗೋಧಿ ತಳಿಯ ಇದ್ದೊಂದು ಡಬ್ಬಿ ಮಾಯವಾಗಿತ್ತು. ಕಾರ್ಡು ಉಜ್ಜಿದವರಿಗೆ ಬಾಗಿಲು ತೆಗೆಯುವ, ಸಿ ಭಾಷೆಯಲ್ಲಿ ನಡೆಯುವ ಯಂತ್ರ ಜಿಗಣೆಯ ತಂಗಿಯ ಹೆಸರು ಬರೆದುಕೊಂಡು ಕೂತಿತ್ತು. ತಂಗಿ ಆ ಭಂಡಾರದ ಮೇಲ್ವಿಚಾರಕಿ. ಇವತ್ತು ಸಂಜೆಯೊಳಗೆ ತಪ್ಪೊಪ್ಪಿಕೊಂಡು ರಾಜೀನಾಮೆಗೆ ಸಹಿ ಹಾಕಬೇಕು, ಇಲ್ಲದಿದ್ದರೆ ಪೊಲೀಸರಿಗೆ ಕೊಡುತ್ತೇವೆ ಎಂದಿದ್ದ ನಿರ್ದೇಶಕ. ಸಹಿ ಹಾಕಿದರೆ ಇನ್ನು ಬದುಕಿರುವವರೆಗೆ ಯಾವ ಸಂಸ್ಥೆಯವರೂ ಅವಳ ಕೈಗೆ ಒಂದು ಕಾಳು ಬೀಜ ಕೊಡುವುದಿಲ್ಲ. ಅವಳಿಗೆ ಆ ಬೀಜಗಳನ್ನು ಬಿಟ್ಟರೆ ಬೇರೆ ಸಂಸಾರವೂ ಇರಲಿಲ್ಲ.

"ಫಂಕ್ಷನ್ ಅಂದ್ರೆ ಒಂದು ಕೆಲಸಕ್ಕೆ ಅಂತ ಕಳಿಸಿದ ಆಳು, ಅತ್ತೆ," ಸೊಸೆ ಮತ್ತೆ ಮೊದಲಿಂದ ಶುರುಮಾಡಿದಳು. "ಹೋಗ್ತಾನೆ, ಕೆಲಸ ಮಾಡ್ತಾನೆ, ವಾಪಸ್ ಬರ್ತಾನೆ. ಬರುವಾಗ ಕೈಯಲ್ಲಿ ಒಂದೇ ಒಂದು ಚಿಕ್ಕ ವಸ್ತು ತರಬಹುದು. ಅದೇ ರಿಟರ್ನ್ ವ್ಯಾಲ್ಯೂ."

"ಅದು ಗೊತ್ತಾಯ್ತು. ಕಾನ್‌ಸ್ಟೇಬಲ್ ಇದ್ದ ಹಾಗೆ. ಆ ಮನೇಲಿ ಜನ ಇದ್ದಾರಾ ನೋಡ್ಕೊಂಡು ಬಾ ಅಂದ್ರೆ, ಬಂದು ಇದ್ದಾರೆ ಇಲ್ಲ ಅಂತ ಹೇಳೋದು."

"ಹಾಗೇ. ಹೌದು, ಇಲ್ಲ ಅನ್ನೋದಾದ್ರೆ ಸಲೀಸು. ಒಂದು ಅಂಕಿ ಆದ್ರೂ ಸಲೀಸು. ಆದ್ರೆ ಇಲ್ಲಿ ಕೇಳಿರೋದು ಕಾರ್ಡು ಯಾರದು ಅಂತ. ಹೆಸರು ಬೇಕು. ಹೆಸರು ಅಂದ್ರೆ ಅಕ್ಷರಗಳ ಸಾಲು, ಅದನ್ನ ಪೂರ್ತಿ ಹೊತ್ಕೊಂಡು ಬರೋಕೆ ಸಿ ಭಾಷೆ ಬಿಡಲ್ಲ. ಅದಕ್ಕೆ ಆ ಆಳು ಹೆಸರನ್ನ ಒಂದು ಕಡೆ ಬರೆದಿಟ್ಟು, ಎಲ್ಲಿ ಬರೆದಿದ್ದೀನಿ ಅನ್ನೋ ವಿಳಾಸ ಮಾತ್ರ ತರ್ತಾನೆ. ಆ ವಿಳಾಸಾನೇ ಪಾಯಿಂಟರ್."

"ಕೇಳಿದ್ದು ಹೆಸರು, ಕೊಟ್ಟದ್ದು ವಿಳಾಸ! ನಮ್ಮ ಸ್ಟೇಷನ್ನಲ್ಲಿ ಯಾವನಾದ್ರೂ ಹೀಗೆ ಮಾಡಿದ್ರೆ ಅವತ್ತೇ ಸಸ್ಪೆಂಡ್ ಮಾಡಿರ್ತಿದ್ದೆ."

"ವಿಳಾಸಕ್ಕೆ ಹೋಗಿ ನೋಡಿದ್ರೆ ಹೆಸರು ಸಿಗುತ್ತಲ್ಲ ಅತ್ತೆ. ಸಿಗ್ಬೇಕು. ತಕರಾರು ಇರೋದೇ ಅಲ್ಲಿ."

ಜಿಗಣೆ ಹಣೆ ಒತ್ತಿಕೊಂಡಳು. ಈ ಪಾಯಿಂಟರು ಎಂಬುದು ಅವಳ ಪಾಲಿಗೆ ಕಬ್ಬಿಣದ ಕಡಲೆಯಾಗಿತ್ತು. ಎಂಥೆಂಥ ಕೊಲೆಗಾರರ ಬಾಯಿ ಬಿಡಿಸಿದವಳು ತಾನು, ಒಂದು ನಕ್ಷತ್ರದ ಗುರುತನ್ನು ಅಕ್ಷರದ ಹಿಂದೆ ಹಾಕಿದರೆ ಏನರ್ಥ, ಮುಂದೆ ಹಾಕಿದರೆ ಏನರ್ಥ ಎಂದು ತಿಳಿಯದೆ ಒದ್ದಾಡುತ್ತಿದ್ದೇನಲ್ಲ ಎಂದು ಅವಳಿಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು.

"ಆ ಆಳು ಹೆಸರು ಬರೆಯೋದು ತನಗೆ ಅಂತ ಕೊಟ್ಟ ಕೋಣೆಯಲ್ಲಿ," ಎಂದಳು ಸೊಸೆ. "ಕೆಲಸ ಮುಗಿಸಿ ಹೊರಗೆ ಬಂದ ಅಂದ್ರೆ ಆ ಕೋಣೆ ಅವನದಲ್ಲ. ಮುಂದೆ ಬಂದವರಿಗೆ ಕೊಟ್ಟುಬಿಡ್ತಾರೆ. ನೀವು ಆ ವಿಳಾಸ ಹಿಡ್ಕೊಂಡು ಹೋಗೋ ಹೊತ್ತಿಗೆ ಒಳಗೆ ಯಾರಿರ್ತಾರೋ ದೇವರೇ ಬಲ್ಲ."

"ಇದು ಆಗಿದೆ ನನಗೆ!" ಜಿಗಣೆಯ ಮುಖ ಒಂದು ಕ್ಷಣ ಅರಳಿತು. "ಕಳ್ಳ ಇಂಥ ಲಾಡ್ಜ್‌ನಲ್ಲಿ, ಇಂಥ ರೂಮಲ್ಲಿ ಇದ್ದಾನೆ ಅಂತ ಪಕ್ಕಾ ಸುದ್ದಿ. ಬಾಗಿಲು ಒದ್ದು ಒಳಗೆ ನುಗ್ಗಿದ್ರೆ ಯಾವನೋ ಔಷಧಿ ಮಾರೋನು ಚಡ್ಡೀಲಿ ನಿಂತು ಹಲ್ಲುಜ್ಜುತ್ತಿದ್ದ. ಕಳ್ಳ ಬೆಳಿಗ್ಗೇನೇ ರೂಮ್ ಖಾಲಿ ಮಾಡಿದ್ದ."

"ಅದೇ ಅತ್ತೆ, ಅದೇ! ಹಾಗೆ ಬರೆದ್ರೆ ಕಂಪೈಲರ್, ಅಂದ್ರೆ ನಾವು ಬರೆದದ್ದನ್ನ ಯಂತ್ರಕ್ಕೆ ತಿಳಿಯೋ ಹಾಗೆ ಮಾಡೋ ತಂತ್ರಾಂಶ, ಎಚ್ಚರಿಕೆ ಕೊಡುತ್ತೆ. ಖಾಲಿಯಾಗೋ ಕೋಣೆ ವಿಳಾಸ ಕೊಡ್ತಿದ್ದೀಯಲ್ಲಪ್ಪ ಅಂತ. ಆಗ ನಮ್ಮ ಮೊದಲ ವರ್ಷದವರು ಪ್ರತಿ ವರ್ಷ ಒಂದೇ ಕಳ್ಳದಾರಿ ಹಿಡೀತಾರೆ. ಆ ಸಾಲಿನ ಮೊದಲಿಗೆ ಸ್ಟ್ಯಾಟಿಕ್ ಅಂತ ಒಂದು ಪದ ಅಂಟಿಸಿಬಿಡ್ತಾರೆ. ಅಂದ್ರೆ, ಈ ಕೋಣೆ ಯಾವತ್ತೂ ಖಾಲಿ ಮಾಡಿಸಬೇಡಿ ಅಂತ. ಎಚ್ಚರಿಕೆ ಬಾಯಿ ಮುಚ್ಚುತ್ತೆ. ಇವರು ಕೈ ತೊಳ್ಕೊಂಡು ಮನೆಗೆ ಹೋಗ್ತಾರೆ."

"ಸರಿಯಾಯ್ತಲ್ಲ ಮತ್ತೆ?"

"ಕೋಣೆ ಶಾಶ್ವತ, ನಿಜ. ಆದ್ರೆ ಕೋಣೆ ಒಂದೇ. ಒಳಗಿರೋ ಹಲಗೆಯೂ ಒಂದೇ. ಎಷ್ಟು ಸಲ ಆ ಆಳನ್ನ ಕಳಿಸಿದ್ರೂ, ಅದೇ ಹಲಗೆ ಒರೆಸಿ ಹೊಸ ಹೆಸರು ಬರೀತಾನೆ, ಅದೇ ವಿಳಾಸ ತಂದು ಕೊಡ್ತಾನೆ."

ಸೊಸೆ ಡಬ್ಬದ ಮುಚ್ಚಳವೊಂದನ್ನು ಬೋರಲು ಹಾಕಿ, ಸೀಮೆಸುಣ್ಣದಲ್ಲಿ ಅದರ ಮೇಲೆ 'ಕಳ್ಳ' ಎಂದು ಬರೆದಳು. "ಶೀತಕೋಣೆ ಹತ್ರ ಕಳ್ಳ ಕಾರ್ಡು ಉಜ್ಜಿದ. ಯಂತ್ರಕ್ಕೆ ಈ ಮುಚ್ಚಳದ ವಿಳಾಸ ಸಿಕ್ತು, ಬಾಗಿಲು ತೆಗೀತು. ಆದ್ರೆ ದಾಖಲೆ ಬರೆಯೋದು ಬಾಗಿಲು ಮತ್ತೆ ಮುಚ್ಚಿದ ಮೇಲೆ. ಅಲ್ಲಿವರೆಗೂ ಅದು ಸುಮ್ಮನೆ ಕೂರಲ್ಲ, ಬೇರೆ ಬಾಗಿಲಿಗೆ ಯಾರು ಬಂದ್ರೂ ವಿಚಾರಿಸ್ತಿರುತ್ತೆ. ಅಷ್ಟರಲ್ಲಿ ಚಿಕ್ಕತ್ತೆ ಎದುರಿನ ಒಣಗಿಸುವ ಕೋಣೆ ಹತ್ರ ತಮ್ಮ ಕಾರ್ಡು ಉಜ್ಜಿದ್ರು."

ಸೆರಗಿನಿಂದ ಮುಚ್ಚಳ ಒರೆಸಿ 'ಚಿಕ್ಕತ್ತೆ' ಎಂದು ಬರೆದಳು.

"ಈಗ ಶೀತಕೋಣೆ ಬಾಗಿಲು ಮುಚ್ತು. ದಾಖಲೆ ಬರೀಬೇಕು. ಕೈಯಲ್ಲಿ ವಿಳಾಸ ಇದೆ, ಹೋಗಿ ನೋಡಿ. ಯಾರ ಹೆಸರಿದೆ?"

ದಾಖಲೆಯಲ್ಲಿ ತಂಗಿಯ ಹೆಸರು ಎರಡು ಸಲ ಇತ್ತು: ಕಾರ್ಡು ಉಜ್ಜಿದ ಹೊತ್ತಿನ ಕ್ರಮದಲ್ಲಿ, ಒಮ್ಮೆ ಶೀತಕೋಣೆಗೆ, ಬೆನ್ನಿಗೇ ಒಣಗಿಸುವ ಕೋಣೆಗೆ. ಇಲ್ಲಿಂದ ಕದ್ದು ಅಲ್ಲಿ ಬಚ್ಚಿಟ್ಟಿದ್ದಾಳೆ ಎಂದು ಎಲ್ಲರೂ ಅರ್ಥಮಾಡಿಕೊಂಡಿದ್ದರು. ಶೀತಕೋಣೆಗೆ ತಾನು ಹೋಗಿರಲಿಲ್ಲ ಎಂದು ತಂಗಿ ಒಂದೇ ಒಂದು ಸಲ ಹೇಳಿ, ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

"ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ದಾರೆ!" ಎಂದು ಜಿಗಣೆ ಎದ್ದುನಿಂತಳು. "ಆ ಸ್ಟ್ಯಾಟಿಕ್ಕು, ಅದು ಇಲ್ಲಿ ಇದೆಯಾ?"

ಸೊಸೆ ಹಾಳೆಗಳನ್ನು ಮುಂದೆ ತಳ್ಳಿದಳು. ಯಂತ್ರ ಕೂರಿಸಿದ ಕಾಲದ ಪ್ರೋಗ್ರಾಮಿನ ಪ್ರತಿ ಅದು. ತಂಗಿಯ ಮನೆಯ ಮೇಜಿನ ಖಾನೆಯಲ್ಲಿ ಜಿಗಣೆಗೆ ಸಿಕ್ಕಿತ್ತು. ಸೊಸೆಯ ಬೆರಳು ನಿಂತ ಜಾಗದಲ್ಲಿ ಆ ಪದ ಕಪ್ಪಗೆ ಕೂತಿತ್ತು.

"ಹೊರಡೋಣ್ವಾ ಅಮ್ಮ?" ಬಾಗಿಲಲ್ಲಿ ಮಗ ವ್ಯಾನಿನ ಕೀಲಿ ಹಿಡಿದು ನಿಂತಿದ್ದ. ಶೀತಯಂತ್ರಗಳ ರಿಪೇರಿ ಅವನ ಕಸುಬು, ಬೀಜ ಭಂಡಾರದ ಯಂತ್ರಗಳನ್ನು ನೋಡಿಕೊಳ್ಳುವವನೂ ಅವನೇ. ಪಾಠ ನಡೆದಷ್ಟು ಹೊತ್ತೂ ಅವನು ಅಲ್ಲೇ ಚೌಕಟ್ಟಿಗೆ ಒರಗಿ ಕೇಳುತ್ತಿದ್ದ. "ಇದನ್ನೆಲ್ಲ ಆ ನಿರ್ದೇಶಕ ನಂಬ್ತಾನಾ?"

"ಹೇಳಿದ್ರೆ ನಂಬಲ್ಲ. ಮಾಡಿ ತೋರಿಸ್ತೀನಿ," ಎಂದಳು ಜಿಗಣೆ.

ಬೀಜ ಭಂಡಾರದ ಯಂತ್ರಕೋಣೆ ಒಂದು ಅಲಮಾರಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಗೋಡೆಗೆ ಒರಗಿಸಿದ ಯಂತ್ರ, ಒಂದು ಕಂಪ್ಯೂಟರ್ ತೆರೆ, ಒಂದೇ ಕುರ್ಚಿ. ಕುರ್ಚಿಯಲ್ಲಿ ಬಾಗಿಲಿನ ಯಂತ್ರ ತಯಾರಿಸಿದ ಕಂಪನಿಯ ಎಂಜಿನಿಯರ್ ಕೂತಿದ್ದ. ನಿರ್ದೇಶಕ ನಿಂತಿದ್ದ, ಕೈಯಲ್ಲಿ ರಾಜೀನಾಮೆಯ ಹಾಳೆ. ಹೊರಗೆ ಉದ್ದನೆಯ ಪಡಸಾಲೆ. ಎಡಕ್ಕೆ ಶೀತಕೋಣೆಯ ದಪ್ಪ ಉಕ್ಕಿನ ಬಾಗಿಲು, ಎದುರಿಗೆ ಒಣಗಿಸುವ ಕೋಣೆಯ ಗಾಜಿನ ಬಾಗಿಲು. ಆ ಗಾಜಿನಾಚೆ ತಂಗಿ ತಟ್ಟೆಗಳ ಮೇಲೆ ಬಗ್ಗಿ ಬೀಜ ಆರಿಸುತ್ತಿದ್ದಳು. ಇವತ್ತು ಕೆಲಸ ಹೋಗಲಿರುವವಳು ಇವತ್ತೂ ಬೀಜ ಆರಿಸುತ್ತಿದ್ದಾಳಲ್ಲ ಎಂದುಕೊಂಡಳು ಜಿಗಣೆ.

"ಯಂತ್ರಕ್ಕೆ ಯಾರ ಮೇಲೂ ದ್ವೇಷ ಇರಲ್ಲ ಮೇಡಂ," ಎಂಜಿನಿಯರ್ ಕುರ್ಚಿಯಲ್ಲೇ ತಿರುಗಿದ. "ಬಾಗಿಲಿಗೆ ಬಂದವರ ಹೆಸರು ಬರೆಯುತ್ತೆ. ಅಷ್ಟೇ."

"ಬಂದವರ ಹೆಸರಲ್ಲ. ಹಲಗೆ ಮೇಲಿರೋ ಹೆಸರು."

"ಯಾವ ಹಲಗೆ?"

"ನೀನು ಸ್ಟ್ಯಾಟಿಕ್ ಅಂತ ಬರೆದು, ಎಚ್ಚರಿಕೆ ಬಾಯಿ ಮುಚ್ಚಿಸಿದೆಯಲ್ಲ, ಆ ಹಲಗೆ."

ಎಂಜಿನಿಯರನ ಮುಖದ ನಗು ಒಂದು ಗಳಿಗೆ ತಡವರಿಸಿತು. ಜಿಗಣೆಗೆ ಅಷ್ಟು ಸಾಕಾಗಿತ್ತು. ಅವನು ಕೂಡಲೇ ಸಾವರಿಸಿಕೊಂಡ. "ನಮ್ಮ ಪ್ರೋಗ್ರಾಮ್ ಹತ್ತಾರು ಕಡೆ ಓಡ್ತಿದೆ ಮೇಡಂ. ಇವತ್ತಿನವರೆಗೆ ಒಬ್ಬರೂ ದೂರು ಕೊಟ್ಟಿಲ್ಲ."

"ನೋಡಿದ್ರಾ," ಎಂದ ನಿರ್ದೇಶಕ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮನುಷ್ಯ ಅವನು. ಅದರಲ್ಲೂ ಎತ್ತು ಈದದ್ದನ್ನು ಕಂಪ್ಯೂಟರ್ ಹೇಳಿದ್ದರೆ ಕರುವಿಗೆ ಹಗ್ಗವನ್ನೂ ತಂದಿರುತ್ತಿದ್ದ.

"ನಿಮ್ಮ ಕಾರ್ಡು ಕೊಡಿ ಸರ್," ಜಿಗಣೆ ಕೈ ಚಾಚಿದಳು. "ನನ್ನ ಮಗ ಶೀತಕೋಣೆ ಹತ್ರ ತನ್ನ ಕಾರ್ಡು ಉಜ್ಜಿ ಒಳಗೆ ಹೋಗ್ತಾನೆ. ಅವನು ಹೊರಗೆ ಬಂದು ಬಾಗಿಲು ಮುಚ್ಚೋದರೊಳಗೆ ನಾನು ಒಣಗಿಸುವ ಕೋಣೆಯಲ್ಲಿ ನಿಮ್ಮದು ಉಜ್ಜುತ್ತೀನಿ. ಶೀತಕೋಣೆಗೆ ಹೋದವರು ನೀವೇ ಅಂತ ಯಂತ್ರ ಹೇಳ್ಲಿಲ್ಲ ಅಂದ್ರೆ ಕೇಳಿ. ಹೇಳಿದ್ರೆ, ಆ ರಾಜೀನಾಮೆ ಹಾಳೆ ಹರಿದು ಹಾಕ್ಬೇಕು."

ನಿರ್ದೇಶಕ ಕುತೂಹಲಕ್ಕೋ ಭಯಕ್ಕೋ ಕಾರ್ಡು ಕೊಟ್ಟ.

ಮಗ ಹೋಗಿ ಉಕ್ಕಿನ ಬಾಗಿಲಿಗೆ ಕಾರ್ಡು ತೋರಿಸಿದ. ಬಾಗಿಲು ನಿಟ್ಟುಸಿರು ಬಿಟ್ಟು ತೆರೆಯಿತು, ತಣ್ಣನೆಯ ಹೊಗೆ ಪಡಸಾಲೆಗೆ ಉಕ್ಕಿತು. ಜಿಗಣೆ ಎದುರು ಬಾಗಿಲಿಗೆ ನಿರ್ದೇಶಕನ ಕಾರ್ಡು ಉಜ್ಜಿದಳು. ಗಾಜಿನಾಚೆಯಿಂದ ತಂಗಿ ತಲೆಯೆತ್ತಿ ನೋಡಿ, ಮತ್ತೆ ತಟ್ಟೆಯತ್ತ ಬಗ್ಗಿದಳು. ಮಗ ಹೊರಗೆ ಬಂದ. ಎರಡೂ ಬಾಗಿಲು ಮುಚ್ಚಿದವು.

ಯಂತ್ರಕೋಣೆಗೆ ಜಿಗಣೆ ಹೆಚ್ಚುಕಡಿಮೆ ಓಡಿಯೇ ಬಂದಳು.

ತೆರೆಯ ಮೇಲೆ ಎರಡು ಸಾಲು ಮೂಡಿದ್ದವು. ಶೀತಕೋಣೆ: ಮಗನ ಹೆಸರು. ಒಣಗಿಸುವ ಕೋಣೆ: ನಿರ್ದೇಶಕನ ಹೆಸರು. ಇಬ್ಬರದೂ ಅವರವರ ಜಾಗದಲ್ಲಿ, ಅಚ್ಚುಕಟ್ಟಾಗಿ.

"ಇನ್ನೊಂದು ಸಲ," ಎಂದಳು ಜಿಗಣೆ.

ಇನ್ನೊಂದು ಸಲವೂ ಅದೇ. ಮತ್ತೊಂದು ಸಲ ಎನ್ನುವಷ್ಟರಲ್ಲಿ ಎಂಜಿನಿಯರ್ ಬಾಯಿಬಿಟ್ಟು ನಕ್ಕ. ನಗುವಿನಲ್ಲಿ ಸಮಾಧಾನವೇ ಹೆಚ್ಚಾಗಿತ್ತು. ತನಗೇ ನಂಬಿಕೆ ಇಲ್ಲದ ಪರೀಕ್ಷೆಯಲ್ಲಿ ಪಾಸಾದವನ ನಗು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜಿಗಣೆಗೆ ಅಳು ಬಂತು. ದುಃಖದ ಅಳುವಲ್ಲ, ಸಿಟ್ಟಿನದು. ಕಣ್ಣಿಗೆ ಕಾಣುವ ಕಳ್ಳನಾದರೆ ಕತ್ತಿನ ಪಟ್ಟಿ ಹಿಡಿಯಬಹುದು, ಸಾಕ್ಷಿಯಾದರೆ ಗದರಿಸಬಹುದು. ಈ ಪೆಟ್ಟಿಗೆಯ ಕತ್ತು ಎಲ್ಲಿ, ಪಟ್ಟಿ ಎಲ್ಲಿ? ಅಡುಗೆಮನೆಯಲ್ಲಿ ಅಷ್ಟು ಸ್ಪಷ್ಟವಾಗಿದ್ದದ್ದು ಇಲ್ಲಿ ಸುಳ್ಳಾಗಿ ನಿಂತಿತ್ತು.

"ಮುಗೀತಲ್ಲ ಮೇಡಂ?" ನಿರ್ದೇಶಕ ತನ್ನ ಕಾರ್ಡು ವಾಪಸು ಪಡೆದ. "ಅಕ್ಕನ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ..."

"ಆದ್ರೆ ಗೀದ್ರೆ ಆಮೇಲೆ." ಸೋತ ಹೊತ್ತಿನಲ್ಲಿ ಜಿಗಣೆ ಯಾವಾಗಲೂ ಹಳೆಯ ಪೊಲೀಸ್ ಬುದ್ಧಿಗೆ ಮರಳುತ್ತಿದ್ದಳು. ಅಡುಗೆ ನಾನೇ ಮಾಡಿದ್ದು ಅಂದವರನ್ನು ಉಪ್ಪು ಎಷ್ಟು ಹಾಕಿದೆ ಎಂದು ಕೇಳು. ಅವಳು ಎಂಜಿನಿಯರನ ಹತ್ತಿರ ಹೋಗಿ ನಿಂತಳು. "ಪ್ರೋಗ್ರಾಮ್ ಬರೆದದ್ದು ನೀನೇ ತಾನೇ?"

"ನಾನೇ. ಒಂದೊಂದು ಸಾಲೂ ನಾನೇ."

"ಯಾರದೂ ಅಲ್ಲದ ಕಾರ್ಡು ಉಜ್ಜಿದ್ರೆ, ಹೆಸರು ಹುಡುಕೋ ಆ ನಿನ್ನ ಫಂಕ್ಷನ್ನು ಏನು ವಾಪಸ್ ಕೊಡುತ್ತೆ?"

"ನಲ್," ಎಂದ ಅವನು ತಡವಿಲ್ಲದೆ. "ಅಂದ್ರೆ ಯಾವ ಜಾಗಕ್ಕೂ ಸೇರದ ವಿಳಾಸ. ನಿಮಗೆ ಅರ್ಥ ಆಗಲ್ಲ ಬಿಡಿ."

"ನನಗೆ ಆಗಲ್ಲ. ನನ್ನ ಸೊಸೆಗೆ ಆಗುತ್ತೆ. ತೆರೆ ಮೇಲೆ ತೋರಿಸು."

ಜೊತೆಗೇ ಬಂದಿದ್ದ ಸೊಸೆ ಅವನ ಭುಜದ ಮೇಲಿಂದ ಬಗ್ಗಿದಳು. ಓದುತ್ತ ಓದುತ್ತ ಅವಳ ತುಟಿಗಳ ಚಲನೆ ನಿಧಾನವಾಯಿತು.

"ಇದು ವಿಳಾಸ ಕೊಡೋದೇ ಇಲ್ಲ ಅತ್ತೆ. ಕಾರ್ಡು ಸಿಕ್ಕಿದ್ರೆ ಸೊನ್ನೆ, ಸಿಗದಿದ್ರೆ ಮೈನಸ್ ಒಂದು. ಹೆಸರು ಬರೆಯೋ ಹಲಗೆಯನ್ನ ಕೇಳೋರೇ ಕೊಟ್ಟು ಕಳಿಸ್ಬೇಕು, ಎಷ್ಟು ಅಕ್ಷರ ಹಿಡಿಯುತ್ತೆ ಅಂತಲೂ ಹೇಳಿ ಕಳಿಸ್ಬೇಕು. ಪ್ರತಿ ಬಾಗಿಲಿಗೂ ಅದರದೇ ಹಲಗೆ. ಒಬ್ಬರದು ಇನ್ನೊಬ್ಬರು ಒರೆಸೋ ಮಾತೇ ಇಲ್ಲ. ವಾಪಸ್ ಬಂದದ್ದು ಸೊನ್ನೆನಾ ಅಂತ ನೋಡಿಯೇ ಬಾಗಿಲು ತೆಗೀತಾರೆ." ಅವಳು ನೆಟ್ಟಗಾದಳು. "ಹೀಗೇ ಬರೀಬೇಕು. ಇದೇ ಸರಿಯಾದ ರೀತಿ."

ಎಂಜಿನಿಯರ್ ತೆರೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಅವನ ಕಿವಿಯ ತುದಿ ಕೆಂಪಾಯಿತು.

"ಸ್ವಂತ ಅಡುಗೆ, ಉಪ್ಪು ಮಾತ್ರ ಗೊತ್ತಿಲ್ಲ," ಎಂದಳು ಜಿಗಣೆ. "ಇದನ್ನ ಬದಲಾಯಿಸಿದ್ದು ಯಾವಾಗ?"

ಸೊಸೆ ಒಂದು ಕೀಲಿ ಒತ್ತಿ ತಾರೀಕು ತೋರಿಸಿದಳು. ಡಬ್ಬಿ ಕಳವಾದ ಮಾರನೆಯ ದಿನ.

"ನಾನು ಮುಟ್ಟಿಲ್ಲ," ಎಂದ ಎಂಜಿನಿಯರ್. ಈಗ ಅವನ ದನಿಯಲ್ಲಿ ಠೇಂಕಾರ ಇರಲಿಲ್ಲ. "ಹಳೇದೂ ಸರಿಯಾಗೇ ಇತ್ತು. ನಾನ್ಯಾಕೆ ಮುಟ್ಲಿ?"

"ಹಳೇದು ಎಲ್ಲಿದೆ?"

"ಹೊಸದು ಹಾಕಿದ್ರೆ ಹಳೇದರ ಮೇಲೇ ಕೂರುತ್ತೆ. ಇಲ್ಲಿ ಇಲ್ಲ."

"ಕಂಪನಿಯಲ್ಲಿ?"

ಅವನು ಕುರ್ಚಿಯನ್ನು ತೆರೆಯತ್ತ ತಿರುಗಿಸಿಕೊಂಡ. ಆ ಹಳೆಯ ಪ್ರತಿಯನ್ನು ಅವನು ಕೊಡುವುದಿಲ್ಲ ಎಂದು ಜಿಗಣೆಗೆ ಅರ್ಥವಾಯಿತು. ಕೊಟ್ಟರೆ ಹತ್ತಾರು ಕಡೆಯವರು ಅವನ ಕಂಪನಿಯ ಬಾಗಿಲು ಬಡಿಯುತ್ತಾರೆ.

"ಯಂತ್ರದ ಗುಪ್ತಪದ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ. ಮತ್ತೆ..." ಅವನು ಗಾಜಿನ ಬಾಗಿಲಿನತ್ತ ಕಣ್ಣು ಹಾಯಿಸಿದ. "ಬೀಜದ ಮೇಡಂ ಹತ್ರ. ಹೊಸಬರು ಬಂದಾಗೆಲ್ಲ ಕಾರ್ಡು ಸೇರಿಸೋಕೆ ನಾನೇ ಬರ್ಬೇಕಿತ್ತು. ಬರೋಕೆ ಪುರುಸೊತ್ತು ಎಲ್ಲಿ? ನೀವೇ ಸೇರಿಸ್ಕೊಳ್ಳಿ ಅಂತ ಕೊಟ್ಟುಬಿಟ್ಟಿದ್ದೆ."

ನಿರ್ದೇಶಕ ಅಂಗೈಗೆ ಹಾಳೆ ಬಡಿದ. "ಅಂದ್ರೆ ಕದ್ದದ್ದೂ ಅಲ್ಲದೆ ಯಂತ್ರಾನೂ ಕೆಡಿಸಿದ್ದಾಳೆ!"

"ಕೆಡಿಸಿಲ್ಲ ಸರ್, ಸರಿಮಾಡಿದ್ದಾರೆ. ಹಳೇ ಪ್ರತಿ ನನ್ನ ಹತ್ರ ಇದೆ, ನೋಡಿ," ಎಂದಳು ಸೊಸೆ.

"ಆ ಪ್ರತಿ ಸಿಕ್ಕಿದ್ದೆಲ್ಲಿ?"

ಸೊಸೆ ಅತ್ತೆಯ ಮುಖ ನೋಡಿದಳು. ಕಳ್ಳಿ ಎನಿಸಿಕೊಂಡವಳ ಮೇಜಿನ ಖಾನೆಯಲ್ಲಿ ಸಿಕ್ಕ ಹಾಳೆಗೆ ಯಾರು ಬೆಲೆ ಕೊಡುತ್ತಾರೆ? ಜಿಗಣೆಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ತಂಗಿಯನ್ನು ಮೇಲೆತ್ತಲು ಬಂದು, ಅವಳು ನಿಂತಿದ್ದ ಗುಂಡಿಯನ್ನು ಇನ್ನಷ್ಟು ಆಳ ಮಾಡಿದ್ದಳು.

ಅವಳು ಸೊಸೆಯ ರೆಟ್ಟೆ ಹಿಡಿದು ಪಡಸಾಲೆಗೆ ಎಳೆದೊಯ್ದಳು. "ಕಾರ್ಡು ಸೇರಿಸೋದು ಬೇರೆ, ಇಷ್ಟೆಲ್ಲ ತಿದ್ದೋದು ಬೇರೆ. ಇವಳಿಗೆ ಇದನ್ನ ಯಾರು ಕಲಿಸಿದ್ರು?"

"ನಾನೇ," ಎಂದಳು ಸೊಸೆ, ಚಿಕ್ಕದನಿಯಲ್ಲಿ. "ಕಾರ್ಡು ಸೇರಿಸುವಾಗ ತಪ್ಪಾಗಬಾರದು ಅಂತ ರಜಾ ದಿನ ಬಂದು ಹೇಳಿಸ್ಕೋತಿದ್ರು. ಅಕ್ಕನಿಗೆ ಹೇಳ್ಬೇಡ, ನಗ್ತಾಳೆ ಅಂದಿದ್ರು." ಸ್ವಲ್ಪ ತಡೆದು ಸೇರಿಸಿದಳು, "ನಿಮಗಿಂತ ಬೇಗ ಅರ್ಥ ಆಯ್ತು ಅತ್ತೆ ಅವರಿಗೆ."

ಒಣಗಿಸುವ ಕೋಣೆಯಲ್ಲಿ ಬೆಚ್ಚಗಿನ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಜಿಗಣೆ ಒಬ್ಬಳೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ತಂಗಿ ತಲೆ ಎತ್ತಲಿಲ್ಲ. ಅವಳ ಬೆರಳು ಮುರುಕಲು ಕಾಳುಗಳನ್ನು ಒಂದು ಪಕ್ಕಕ್ಕೆ ಸರಿಸುತ್ತಲೇ ಇತ್ತು.

"ನೀನೇ ತಿದ್ದಿದ್ದಾ?"

"ತಪ್ಪಿತ್ತು. ತಿದ್ದಿದೆ."

"ಅಯ್ಯೋ ಪುಣ್ಯಾತ್ಗಿತ್ತಿ! ಆ ತಪ್ಪೊಂದೇ ನಿನ್ನನ್ನ ಉಳಿಸ್ತಿತ್ತು. ಅದು ಹಾಗೇ ಇದ್ದಿದ್ರೆ ಈಗ ಆ ನಿರ್ದೇಶಕ ನಿನ್ನ ಕಾಲು ಹಿಡೀತಿದ್ದ."

"ಗೊತ್ತು."

ಆ ಒಂದು ಮಾತನ್ನು ತಂಗಿ ಹೇಳಿದ ರೀತಿಯಲ್ಲಿ ಪೆದ್ದುತನ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ.

"ಗೊತ್ತಿದ್ದೂ ತಿದ್ದಿದೆಯಾ?"

"ಗೊತ್ತಿದ್ದೇ ತಿದ್ದಿದೆ. ನನ್ನ ಹೆಸರು ಎರಡು ಸಲ ಬಂದಿದ್ದು ನೋಡಿದ ಕೂಡ್ಲೆ ಏನಾಗಿದೆ ಅಂತ ತಿಳೀತು. ನನ್ನ ಹೆಸರು ಅಲ್ಲಿಂದ ತೆಗೆದ್ರೆ, ಮತ್ಯಾರದು ಇತ್ತು ಅಂತ ಹುಡುಕ್ತಾರೆ. ಶೀತಕೋಣೆ ತೆಗೆಯೋ ಕಾರ್ಡು ಇರೋದು ಎಷ್ಟು ಜನರ ಹತ್ರ? ಹುಡುಕೋಳು ನೀನಾದ್ರಂತೂ ಮುಗೀತು."

"ಯಾರನ್ನ ಕಾಪಾಡ್ತಿದ್ದೀಯ?"

"ನಾನು ಸಹಿ ಹಾಕ್ತೀನಿ. ಬಿಟ್ಟುಬಿಡು ಅಕ್ಕ. ಒಂದೇ ಒಂದು ಸಲ, ಹಿಡಿದದ್ದನ್ನ ಬಿಟ್ಟುಬಿಡು."

"ಈ ಬೀಜ ಬಿಟ್ಟು ನೀನು ಬದುಕ್ತೀಯಾ? ನಿನ್ನ ಜೀವಮಾನ ಪೂರ್ತಿ ಇಲ್ಲೇ ಸವೆಸಿದ್ದೀಯ. ಯಾವನೋ ಕಳ್ಳನಿಗೋಸ್ಕರ..."

"ಕಳ್ಳ ಅನ್ಬೇಡ," ಎಂದಳು ತಂಗಿ. ಈಗ ಅವಳು ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು. "ನೀನು ಸ್ಟೇಷನ್ನಲ್ಲಿ ಕಂಡವರ ಮನೆ ಕಳ್ಳರನ್ನ ಕಾಯ್ತಾ ಕೂತಿದ್ದಾಗ ಅವನಿಗೆ ತುತ್ತು ತಿನ್ನಿಸಿ, ಬೆನ್ನು ತಟ್ಟಿ ಮಲಗಿಸಿದವಳು ನಾನು. ಅವತ್ತು ಈ ಗಾಜಿನಿಂದಲೇ ನೋಡಿದೆ. ಡಬ್ಬಿ ಅಂಗಿ ಒಳಗಿತ್ತು. ನನ್ನನ್ನ ಕಂಡು ಗಾಬರಿಯಾಗ್ಲೂ ಇಲ್ಲ. ನಕ್ಕ. ಊಟ ಆಯ್ತಾ ಚಿಕ್ಕಮ್ಮ ಅಂದ."

ಈ ಭೂಮಿಯ ಮೇಲೆ ಅವಳನ್ನು ಚಿಕ್ಕಮ್ಮ ಎಂದು ಕರೆಯುವವನು ಒಬ್ಬನೇ. ಜಿಗಣೆ ತಟ್ಟೆಯ ಅಂಚು ಹಿಡಿದುಕೊಂಡಳು. ಅವನು ಯಾಕೆ ಕದ್ದ, ಯಾರಿಗೆ ಕೊಟ್ಟ ಎಂಬ ಪ್ರಶ್ನೆಗಳೆಲ್ಲ ಪೊಲೀಸ್ ಅಭ್ಯಾಸದಿಂದ ಸಾಲಾಗಿ ಎದ್ದವು.

ಬಾಗಿಲು ತೆರೆಯಿತು. ನಿರ್ದೇಶಕ ಒಳಗೆ ಬಂದು ತಟ್ಟೆಗಳ ನಡುವೆ ಜಾಗ ಮಾಡಿ ಹಾಳೆ ಹರಡಿ, ತಂಗಿಯ ಕೈಗೆ ಪೆನ್ನು ಕೊಟ್ಟ. ಅವನ ಹಿಂದೆ ಸೊಸೆ, ಸೊಸೆಯ ಭುಜದ ಮೇಲೆ ಕೈಯಿಟ್ಟುಕೊಂಡು ಮಗ.

"ಏನಂತೆ ಅಮ್ಮ? ಏನಾದ್ರೂ ಸುಳಿವು ಸಿಕ್ತಾ?" ಎಂದ ಮಗ.

"ಮೇಡಂ, ಕೊನೇ ಸಲ ಕೇಳ್ತಿದ್ದೀನಿ," ಎಂದ ನಿರ್ದೇಶಕ. "ಒಳಗೆ ಹೋದದ್ದು ನಿಮ್ಮ ತಂಗಿ ಅಲ್ಲ ಅಂತೀರಿ. ಹಾಗಾದ್ರೆ ಯಾರು? ಒಂದು ಹೆಸರು ಹೇಳಿ, ಈ ಕ್ಷಣ ನಿಲ್ಲಿಸ್ತೀನಿ."

ತಂಗಿ ಅಕ್ಕನ ಕಣ್ಣನ್ನೇ ನೋಡುತ್ತ, ಬೇಡ ಎಂಬಂತೆ ಒಮ್ಮೆ ತಲೆಯಾಡಿಸಿದಳು. ಆಮೇಲೆ ಬಗ್ಗಿ ಹಾಳೆಗೆ ಪೆನ್ನು ತಾಗಿಸಿದಳು.

ಜಿಗಣೆ ಆ ಪೆನ್ನನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಹೇಳ್ತೀನಿ," ಎಂದಳು.